ಸ್ವಭಾವೋಕ್ತಿಯೂ ವಕ್ರೋಕ್ತಿಯೂ: ಇರ್ವಿಂಗ್ ಪೆನ್ನನ ಛಾಯಾಚಿತ್ರಶೈಲಿಯ ವಿಮರ್ಶೆ

೧

ಅಲಂಕಾರಶಾಸ್ತ್ರದ ಹಳೆಯ ವಿವಾದಗಳಲ್ಲಿ ಸ್ವಭಾವೋಕ್ತಿಯನ್ನು ಕುರಿತದ್ದೂ ಒಂದು. ವಸ್ತುವನ್ನು ಅದು ಇರುವಂತೆಯೇ ಹೇಳಿದರೆ ಆ ಮಾತು ಕಾವ್ಯವಾಗುವುದೋ, ಬರಿಯ ವಾರ್ತೆಯಾಗಿ ನಿಲ್ಲುವುದೋ ಎಂಬುದೇ ಆ ವಿವಾದದ ತಿರುಳು. ದಂಡಿಯು ವಾಙ್ಮಯವನ್ನೆಲ್ಲ ಸ್ವಭಾವೋಕ್ತಿಯೆಂದೂ ವಕ್ರೋಕ್ತಿಯೆಂದೂ ಎರಡಾಗಿ ವಿಂಗಡಿಸಿ, ಮೊದಲನೆಯದನ್ನು ಅಲಂಕಾರಗಳಲ್ಲಿ ಆದ್ಯವೆಂದು ಗಣಿಸಿದನು. ಭಾಮಹನು ವಕ್ರೋಕ್ತಿಯಿಲ್ಲದ ಅಲಂಕಾರವೇ ಇಲ್ಲವೆಂದು ಸಾರಿ, ಸ್ವಭಾವೋಕ್ತಿಯನ್ನು ಕೆಲವರ ಮತವೆಂದು ಮಾತ್ರ ಹೇಳಿ ಮುಂದುವರಿದನು. ಕುಂತಕನು ಇನ್ನೂ ತೀಕ್ಷ್ಣವಾಗಿ, ಸ್ವಭಾವವೆಂಬುದು ಅಲಂಕರಿಸಲ್ಪಡತಕ್ಕ ಶರೀರ, ಶರೀರವೇ ಅಲಂಕಾರವಾದರೆ ಅದು ಅಲಂಕರಿಸುವುದಾದರೂ ಏನನ್ನು, ತನ್ನ ಹೆಗಲನ್ನು ತಾನೇ ಏರುವವನುಂಟೆ ಎಂದು ಆಕ್ಷೇಪಿಸಿದನು. ಇದಕ್ಕೆ ಸಮಾಧಾನವನ್ನು ಕೊಟ್ಟವನು ವ್ಯಕ್ತಿವಿವೇಕಕಾರನಾದ ಮಹಿಮಭಟ್ಟ. ವಸ್ತುವಿಗೆ ಸಾಮಾನ್ಯವೆಂದೂ ವಿಶಿಷ್ಟವೆಂದೂ ಎರಡು ರೂಪಗಳುಂಟು. ಲೋಕದ ಮಾತು ಮುಟ್ಟುವುದು ಸಾಮಾನ್ಯವನ್ನು ಮಾತ್ರ. ವಿಶಿಷ್ಟವು ಪ್ರತಿಭಾವಂತನಾದ ಕವಿಯ ಕಣ್ಣಿಗಷ್ಟೇ ಗೋಚರಿಸುವುದು. ಅದನ್ನು ಕಂಡು ಹೇಳುವುದೇ ಸ್ವಭಾವೋಕ್ತಿ ಎಂಬುದು ಅವನ ಸಿದ್ಧಾಂತ.

ಈ ವಿವಾದವು ಓಲೆಯ ಗರಿಗಳಲ್ಲಿಯೇ ಮುಗಿದುಹೋದದ್ದಲ್ಲ. ಯಂತ್ರದ ಸಹಾಯದಿಂದ ವಸ್ತುವನ್ನು ಇದ್ದಂತೆಯೇ ಹಿಡಿಯುವ ಛಾಯಾಚಿತ್ರವೆಂಬ ಕಲೆಯಲ್ಲಿ ಅದು ಮತ್ತಷ್ಟು ಬಲವಾಗಿ ತಲೆಯೆತ್ತಿದೆ. ಕವಿಯಾದರೂ ಹೇಳದೆ ಬಿಡಬಹುದು. ಕ್ಯಾಮರಾದ ಗಾಜಿಗೆ ಬಿಡುವುದು ತಿಳಿಯದು. ಎದುರಿಗಿರುವುದೆಲ್ಲವೂ ಅದಕ್ಕೆ ಸಮಾನ. ಹಾಗಿದ್ದಲ್ಲಿ ಛಾಯಾಚಿತ್ರದಲ್ಲಿ ಕವಿಕರ್ಮಕ್ಕೆ ಸ್ಥಾನವೆಲ್ಲಿ? ಶೈಲಿಯೆಂಬ ಮಾತಿಗೆ ಅರ್ಥವೇನು? ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಅಮೆರಿಕದ ಛಾಯಾಚಿತ್ರಕಾರನಾದ ಇರ್ವಿಂಗ್ ಪೆನ್ನನ ಕೃತಿಗಳಿಗಿಂತ ತಕ್ಕ ಉದಾಹರಣೆ ದೊರೆಯುವುದು ಕಷ್ಟ. ಏಕೆಂದರೆ ೧೯೫೦ನೆಯ ಇಸವಿಯಲ್ಲಿ, ಪ್ಯಾರಿಸ್ ನಗರದ ಒಂದೇ ಕೊಠಡಿಯಲ್ಲಿ, ಒಂದೇ ಪರದೆಯ ಮುಂದೆ, ಆ ಊರಿನ ಅತ್ಯಂತ ಬೆಲೆಯುಳ್ಳ ಉಡುಪುಗಳನ್ನು ಧರಿಸಿದ ಸುಂದರಿಯರನ್ನೂ, ಬೀದಿಯಲ್ಲಿ ದುಡಿಯುವ ಕಸಬುದಾರರನ್ನೂ ಆತನು ನಿಲ್ಲಿಸಿ ಚಿತ್ರ ತೆಗೆದನು. ಪರದೆ ಒಂದೇ, ಬೆಳಕು ಒಂದೇ, ಕಣ್ಣು ಒಂದೇ. ವಸ್ತು ಮಾತ್ರ ಬೇರೆ. ಶೈಲಿಗೂ ವಸ್ತುವಿಗೂ ಇರುವ ಸಂಬಂಧವನ್ನು ತೂಗಿ ನೋಡುವುದಕ್ಕೆ ಇಷ್ಟು ಶುದ್ಧವಾದ ತಕ್ಕಡಿ ಕಾವ್ಯದಲ್ಲಿಯೂ ವಿರಳ.

೨

ಪೆನ್ನನು ೧೯೧೭ರಲ್ಲಿ ನ್ಯೂಜೆರ್ಸಿಯ ಪ್ಲೇನ್‌ಫೀಲ್ಡಿನಲ್ಲಿ ಹುಟ್ಟಿ, ೨೦೦೯ರಲ್ಲಿ ನ್ಯೂಯಾರ್ಕಿನಲ್ಲಿ ಕಾಲವಾದನು. ಫಿಲಡೆಲ್ಫಿಯದ ಕಲಾಶಾಲೆಯಲ್ಲಿ ಅಲೆಕ್ಸಿ ಬ್ರೊಡೊವಿಚ್ ಎಂಬ ಪ್ರಸಿದ್ಧ ವಿನ್ಯಾಸಕಾರನು ಆತನಿಗೆ ಗುರು. ಮೊದಲು ವರ್ಣಚಿತ್ರಕಾರನಾಗಬೇಕೆಂದು ಮೆಕ್ಸಿಕೋ ದೇಶಕ್ಕೆ ಹೋಗಿ ಒಂದು ವರ್ಷ ಅಭ್ಯಾಸ ಮಾಡಿದರೂ, ಫಲವು ತನಗೇ ಒಪ್ಪಿಗೆಯಾಗದಿರಲು ಆ ಚಿತ್ರಗಳನ್ನು ತೊಳೆದುಹಾಕಿದನೆಂದು ಪ್ರಸಿದ್ಧಿ. ೧೯೪೩ರಲ್ಲಿ ಅಲೆಕ್ಸಾಂಡರ್ ಲೀಬರ್‌ಮನ್ನನ ಪ್ರೋತ್ಸಾಹದಿಂದ ‘ವೋಗ್’ ಪತ್ರಿಕೆಯನ್ನು ಸೇರಿದನು. ಅದೇ ವರ್ಷದ ಅಕ್ಟೋಬರ್ ಒಂದನೆಯ ತಾರೀಖಿನ ಸಂಚಿಕೆಯ ಮುಖಪುಟದಲ್ಲಿ ಬಂದ ಆತನ ಚಿತ್ರದಲ್ಲಿ ಮನುಷ್ಯರೇ ಇಲ್ಲ. ಕೈಚೀಲ, ಕೈಗವಸು, ನಿಂಬೆ, ಕಿತ್ತಳೆ ಮುಂತಾದ ಜಡವಸ್ತುಗಳ ಜೋಡಣೆಯಷ್ಟೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಗಾಯಾಳುಗಳನ್ನು ಸಾಗಿಸುವ ಸ್ವಯಂಸೇವಕ ದಳದೊಂದಿಗೆ ಇಟಲಿಯಲ್ಲಿಯೂ ನಮ್ಮ ಭರತಖಂಡದಲ್ಲಿಯೂ ಸೇವೆ ಮಾಡಿದನು. ಆಮೇಲಿನ ಅರ್ಧಶತಮಾನಕ್ಕೂ ಮಿಕ್ಕ ಕಾಲ ವೇಷಭೂಷಣಗಳ ಆ ಪತ್ರಿಕೆಯೇ ಆತನ ಮುಖ್ಯಾಶ್ರಯವಾಗಿದ್ದಿತು.

ಪ್ರಕೃತ ವಿಚಾರಕ್ಕೆ ಮುಖ್ಯವಾದ ಕೃತಿಗಳು ಇವು. ೧೯೪೮ರಲ್ಲಿ ಎರಡು ಹಲಗೆಗಳನ್ನು ಇಕ್ಕಟ್ಟಾದ ಕೋನದಲ್ಲಿ ಕೂಡಿಸಿ, ಆ ಮೂಲೆಯೊಳಗೆ ಖ್ಯಾತರಾದವರನ್ನು ನಿಲ್ಲಿಸಿ ತೆಗೆದ ಭಾವಚಿತ್ರಗಳು. ಅದೇ ವರ್ಷದ ಡಿಸೆಂಬರಿನಲ್ಲಿ ಪೆರು ದೇಶದ ಕುಸ್ಕೋ ಪಟ್ಟಣದಲ್ಲಿ ತೆಗೆದ, ಬೆಟ್ಟದ ಮೇಲಣ ಜನರ ಚಿತ್ರಗಳು. ೧೯೫೦ರ ಪ್ಯಾರಿಸ್ ಉಡುಪುಗಳ ಚಿತ್ರಗಳು. ೧೯೫೦ ಮತ್ತು ೧೯೫೧ರಲ್ಲಿ ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ಈ ಮೂರು ನಗರಗಳಲ್ಲಿ ತೆಗೆದ ‘ಸಣ್ಣ ಕಸಬುಗಳು’ ಎಂಬ ಮಾಲೆ. ಆಫ್ರಿಕ, ನ್ಯೂಗಿನಿ, ನೇಪಾಳ, ಮೊರಾಕೊ ಮೊದಲಾದೆಡೆ ತೆಗೆದ ಚಿತ್ರಗಳನ್ನು ಒಳಗೊಂಡು ೧೯೭೪ರಲ್ಲಿ ಪ್ರಕಟವಾದ ‘ಸಣ್ಣ ಕೋಣೆಯೊಳಗಣ ಲೋಕಗಳು’ ಎಂದು ಹೇಳಬಹುದಾದ ಗ್ರಂಥ.

೩

ಈ ಎಲ್ಲ ಕೃತಿಗಳಲ್ಲಿಯೂ ಅನುಗತವಾಗಿರುವ ಲಕ್ಷಣಗಳು ಮೂರು. ಮೊದಲನೆಯದು ಶೂನ್ಯವಾದ ಹಿನ್ನೆಲೆ. ಮನೆಯಿಲ್ಲ, ಬೀದಿಯಿಲ್ಲ, ಮರವಿಲ್ಲ; ಬೂದುಬಣ್ಣದ ಮಾಸಲು ಪರದೆ ಮಾತ್ರ ಉಂಟು. ಪ್ಯಾರಿಸಿನಲ್ಲಿ ದೊರೆತ ಆ ಪರದೆಯು ನಾಟಕಶಾಲೆಯೊಂದರ ಹಳೆಯ ತೆರೆಯಂತೆ; ಅದನ್ನು ಪೆನ್ನನು ಜೀವಮಾನವೆಲ್ಲ ಕಾಪಾಡಿಕೊಂಡಿದ್ದನು. ಆತನ ಜನ್ಮಶತಾಬ್ದಿಯ ೨೦೧೭ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಶಾಲೆಯಲ್ಲಿ ನಡೆದ ಪ್ರದರ್ಶನದಲ್ಲಿ ಚಿತ್ರಗಳ ಜೊತೆಗೆ ಆ ಪರದೆಯನ್ನೂ ಇರಿಸಿದ್ದರು. ಎರಡನೆಯದು ಪಕ್ಕದಿಂದ ಬೀಳುವ ಸಹಜವಾದ ಹಗಲ ಬೆಳಕು. ಉತ್ತರ ದಿಕ್ಕಿನ ಕಿಟಕಿಯ ಬೆಳಕಿನಲ್ಲಿ ಬಿಸಿಲಿನ ಉಗ್ರತೆಯಿಲ್ಲ. ನೆರಳು ಮೆತ್ತಗೆ ಹೊರಳಿ ಮೈಯ ಉಬ್ಬುತಗ್ಗುಗಳನ್ನು ತೋರಿಸುತ್ತದೆ. ಮೂರನೆಯದು ದೃಢವಾದ ಹೊರರೇಖೆ. ಪೂರ್ಣಾಕೃತಿಯು ಪರದೆಯಿಂದ ಕತ್ತರಿಸಿ ತೆಗೆದಂತೆ ಸ್ಪಷ್ಟವಾಗಿ ನಿಲ್ಲುತ್ತದೆ.

ವಿಷ್ಣುಧರ್ಮೋತ್ತರದ ಚಿತ್ರಸೂತ್ರವು, ಆಚಾರ್ಯರು ರೇಖೆಯನ್ನೂ, ವಿಚಕ್ಷಣರು ವರ್ತನೆಯನ್ನೂ, ಸ್ತ್ರೀಯರು ಭೂಷಣವನ್ನೂ, ಇತರ ಜನರು ವರ್ಣಸಮೃದ್ಧಿಯನ್ನೂ ಮೆಚ್ಚುವರೆಂದು ಹೇಳಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಭೂಷಣವನ್ನೂ ವರ್ಣವನ್ನೂ ಮಾರುವುದೇ ಉದ್ಯೋಗವಾಗಿರುವ ಪತ್ರಿಕೆಯಲ್ಲಿದ್ದುಕೊಂಡು, ಪೆನ್ನನು ಪ್ರಧಾನವಾಗಿ ಆಶ್ರಯಿಸಿದ್ದು ರೇಖಾವರ್ತನೆಗಳನ್ನು. ಇದು ಸಾಮಾನ್ಯವಾದ ಧೈರ್ಯವಲ್ಲ.

ಯಂತ್ರದಲ್ಲಿ ಕವಿಕರ್ಮವೆಲ್ಲಿ ಎಂಬ ಮೊದಲನೆಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಗಾಜಿಗೆ ಬಿಡುವುದು ತಿಳಿಯದಾದುದರಿಂದ, ಬಿಡತಕ್ಕದ್ದನ್ನು ಗಾಜಿನ ಮುಂದಿನಿಂದಲೇ ತೆಗೆದುಹಾಕುವುದು ಪೆನ್ನನ ಮಾರ್ಗ. ವಸ್ತುವಿನ ಸಾಮಾನ್ಯರೂಪವನ್ನು ನಮಗೆ ತಿಳಿಸುವುದು ಬಹುಮಟ್ಟಿಗೆ ಅದರ ಪರಿಸರ. ಅಂಗಡಿಯಲ್ಲಿ ನಿಂತವನನ್ನು ನಾವು ಅಂಗಡಿಯವನೆಂದು ಗ್ರಹಿಸಿ, ಮುಖವನ್ನು ನೋಡದೆಯೇ ಮುಂದಕ್ಕೆ ಹೋಗುತ್ತೇವೆ. ಅಂಗಡಿಯನ್ನು ತೆಗೆದರೆ ಮುಖವನ್ನು ನೋಡದೆ ಗತ್ಯಂತರವಿಲ್ಲ. ಮಹಿಮಭಟ್ಟನು ಹೇಳಿದ ವಿಶಿಷ್ಟರೂಪಕ್ಕೆ ದಾರಿಯು ಹೀಗೆ ಕಳೆಯುವುದರಿಂದ ದೊರೆಯಿತು, ಕೂಡುವುದರಿಂದಲ್ಲ.

೪

ಇನ್ನು ವೇಷಚಿತ್ರಗಳನ್ನು ನೋಡೋಣ. ೧೯೫೦ರಲ್ಲಿ ಪೆನ್ನನು ತೆಗೆದ ಪ್ಯಾರಿಸ್ ಚಿತ್ರಗಳಲ್ಲಿ ರೊಷಾಸನ ‘ಮತ್ಸ್ಯಕನ್ಯೆ’ ಎಂಬ ಉಡುಪನ್ನು ಧರಿಸಿ ನಿಂತ ಲೀಸಾ ಫೊನ್ಸಗ್ರೀವ್ಸಳ ಚಿತ್ರವು ಬಹು ಪ್ರಸಿದ್ಧವಾದುದು. ಆಕೆ ಸ್ವೀಡನ್ ದೇಶದಲ್ಲಿ ಹುಟ್ಟಿದವಳು, ನೃತ್ಯದಲ್ಲಿ ಶಿಕ್ಷಿತೆ. ಅದೇ ವರ್ಷ ಪೆನ್ನನನ್ನು ವಿವಾಹವಾದಳು. ಉಡುಪು ಮೈಗೆ ಅಂಟಿಕೊಂಡು ಇಳಿದು, ಕಾಲಿನ ಕೆಳಭಾಗದಲ್ಲಿ ಮೀನಿನ ಬಾಲದಂತೆ ಹರಡಿದೆ. ಕಣ್ಣು ಮೊದಲು ಹಿಡಿಯುವುದು ಆಕೆಯ ಮುಖವನ್ನಲ್ಲ, ಹೆಗಲಿನಿಂದ ನೆಲದವರೆಗೆ ಎಳೆದ ಒಂದೇ ರೇಖೆಯನ್ನು. ಬಾಲೆನ್ಸಿಯಾಗನ ಉಡುಪಿನ ಮತ್ತೊಂದು ಚಿತ್ರದಲ್ಲಿಯಂತೂ ಗಾಳಿ ತುಂಬಿದ ಹಾಯಿಯಂತಿರುವ ತೋಳೇ ನಾಯಿಕೆ. ಧರಿಸಿದವಳು ಅದಕ್ಕೆ ಆಧಾರಮಾತ್ರ.

ಕುಂತಕನ ಆಕ್ಷೇಪವು ಇಲ್ಲಿ ವಿಚಿತ್ರವಾದೊಂದು ರೀತಿಯಲ್ಲಿ ತಿರುಗಿಬಿದ್ದಿದೆ. ಶರೀರವು ಅಲಂಕಾರ್ಯ, ಒಡವೆಯುಡುಪುಗಳು ಅಲಂಕಾರ ಎಂಬುದು ಲೋಕಕ್ರಮ. ವೇಷದ ಪತ್ರಿಕೆಯಲ್ಲಿ ಮಾರಾಟವಾಗತಕ್ಕದ್ದು ಉಡುಪಾದುದರಿಂದ ಉಡುಪೇ ವರ್ಣ್ಯವಸ್ತು. ಸ್ತ್ರೀಯ ಶರೀರವು ಅದನ್ನು ಅಲಂಕರಿಸುವ ಸಾಧನ. ಅಲಂಕಾರವೇ ಅಲಂಕಾರ್ಯವಾಗಿ, ಅಲಂಕಾರ್ಯವೇ ಅಲಂಕಾರವಾಗಿರುವ ಈ ವಿಪರ್ಯಾಸವು ಫ್ಯಾಷನ್ ಚಿತ್ರಗಳ ಜಾತಿಲಕ್ಷಣವೆಂದೇ ಹೇಳಬೇಕು. ಸಾಮಾನ್ಯನಾದ ಚಿತ್ರಕಾರನು ಇದನ್ನು ಮುಚ್ಚಿಡಲು ಯತ್ನಿಸುತ್ತಾನೆ. ಸುಂದರಿಯನ್ನು ಉದ್ಯಾನದಲ್ಲಿ ನಡೆಸಿ, ಮೋಟಾರು ಗಾಡಿಯ ಪಕ್ಕದಲ್ಲಿ ನಿಲ್ಲಿಸಿ, ಒಂದು ಕಥೆಯನ್ನು ಕಟ್ಟಿ, ಉಡುಪು ಆಕಸ್ಮಿಕವೆಂಬಂತೆ ನಟಿಸುತ್ತಾನೆ. ಪೆನ್ನನು ನಟಿಸುವುದಿಲ್ಲ. ಕೆಲವು ಚಿತ್ರಗಳಲ್ಲಿ ಪರದೆಯ ಅಂಚನ್ನೂ ಕೂಡ ಕಾಣುವಂತೆ ಬಿಟ್ಟು, ಇದು ಕಟ್ಟಿದ ದೃಶ್ಯ, ಬದುಕಿನ ತುಣುಕಲ್ಲ ಎಂದು ತಾನೇ ಒಪ್ಪಿಕೊಳ್ಳುತ್ತಾನೆ. ವಕ್ರೋಕ್ತಿಯು ತನ್ನನ್ನು ವಕ್ರೋಕ್ತಿಯೆಂದೇ ಹೇಳಿಕೊಳ್ಳುವುದರಲ್ಲಿ ಒಂದು ಪ್ರಾಮಾಣಿಕತೆಯಿದೆ. ಈ ಚಿತ್ರಗಳಲ್ಲಿ ಶೃಂಗಾರವು ವಾಚ್ಯವಾಗಿ ಕೆಡದೆ ಗಂಭೀರವಾಗಿ ಉಳಿದಿರುವುದು ಈ ಕಾರಣದಿಂದ.

೫

ಅದೇ ಕೊಠಡಿಗೆ, ಅದೇ ಪರದೆಯ ಮುಂದಕ್ಕೆ ಬಂದವರು ಕಟುಕರ ಹುಡುಗರು, ಗಾಜು ಕೂರಿಸುವವರು, ಮಿಠಾಯಿ ಮಾಡುವವರು, ಬಲೂನು ಮಾರುವ ಮುದುಕಿ. ಬೀದಿಯ ಜನರನ್ನು ಹುಡುಕಿ ಕರೆತರುವುದರಲ್ಲಿ ಸ್ವತಃ ಹೆಸರಾಂತ ಛಾಯಾಚಿತ್ರಕಾರನಾದ ರಾಬರ್ ದುವಾನೋ ನೆರವಾದನು. ಲಂಡನಿನಲ್ಲಿ ಮೀನು ಮಾರುವವನು, ಚಿಂದಿ ಆಯುವವನು, ನೆಲ ತೊಳೆಯುವ ಹೆಂಗಸರು. ನ್ಯೂಯಾರ್ಕಿನಲ್ಲಿ ಸಮುದ್ರದಾಳಕ್ಕೆ ಇಳಿಯುವವನು. ಇವರೆಲ್ಲ ಕೆಲಸದ ಬಟ್ಟೆಯಲ್ಲಿಯೇ, ತಮ್ಮ ತಮ್ಮ ಉಪಕರಣಗಳನ್ನು ಹಿಡಿದು, ನೆಟ್ಟಗೆ ನಿಂತು, ನೋಡುವವನನ್ನು ನೇರವಾಗಿ ನೋಡುತ್ತಾರೆ. ಇಂತಹ ಇನ್ನೂರೈವತ್ತೆರಡು ಚಿತ್ರಗಳನ್ನು ಲಾಸ್ ಏಂಜಲಿಸಿನ ಗೆಟ್ಟಿ ವಸ್ತುಸಂಗ್ರಹಶಾಲೆಯು ೨೦೦೮ರಲ್ಲಿ ಪಡೆದು ಮರುವರ್ಷ ಪ್ರದರ್ಶಿಸಿತು.

ಕಸಬುದಾರರನ್ನು ಚಿತ್ರಿಸುವ ಸಂಪ್ರದಾಯವು ಐರೋಪ್ಯರಲ್ಲಿ ಹೊಸದಲ್ಲ. ಬೀದಿಯಲ್ಲಿ ಕೂಗಿ ಮಾರುವವರ ಅಚ್ಚುಚಿತ್ರಗಳು ಪ್ಯಾರಿಸ್, ಲಂಡನ್‌ಗಳಲ್ಲಿ ಶತಮಾನಗಳಿಂದ ಇದ್ದುವು. ಛಾಯಾಚಿತ್ರಕಾರರಲ್ಲಿ ಅಟ್ಜೆ, ಜರ್ಮನಿಯ ಆಗಸ್ಟ್ ಸ್ಯಾಂಡರ್ ಇವರು ಪೂರ್ವಸೂರಿಗಳು. ಆದರೆ ಅವರು ಮನುಷ್ಯನನ್ನು ಅವನ ಸ್ಥಾನದಲ್ಲಿ ಚಿತ್ರಿಸಿದುದೇ ಹೆಚ್ಚು. ಪೆನ್ನನು ಸ್ಥಾನವನ್ನು ಕಳಚಿ ಉಪಕರಣವನ್ನು ಮಾತ್ರ ಉಳಿಸಿದನು. ಇದರಿಂದ ಉಪಕರಣವು ಬೇರೊಂದು ಪದವಿಗೆ ಏರಿದೆ. ಮೀನುಗಾರನ ಕೈಯ ಮೀನು ಅಲಂಕಾರವಲ್ಲ, ಅವನಿಗೆ ಹೊರಗಿನದೂ ಅಲ್ಲ. ಅದು ಅವನ ಸ್ವಭಾವದ ಒಂದು ಅಂಗ. ಕಟುಕರ ಹುಡುಗರ ಮೈಮೇಲಿನ ಬಟ್ಟೆಯ ಕಲೆಗಳೂ ಹಾಗೆಯೇ. ಅದನ್ನು ನೋಡುತ್ತಿರುವಾಗಲೇ, ಆ ಬಟ್ಟೆಯ ಮಡಿಕೆಗಳು ಬಾಲೆನ್ಸಿಯಾಗನ ತೋಳಿನ ಮಡಿಕೆಗಳಂತೆಯೇ ಬೆಳಕನ್ನು ಹಿಡಿದಿರುವುದು ಸಹೃದಯನ ಗಮನಕ್ಕೆ ಬರುತ್ತದೆ. ಈ ಸಾಮ್ಯವನ್ನು ಪೆನ್ನನು ಬಾಯಿಬಿಟ್ಟು ಹೇಳಿಲ್ಲ. ಎರಡು ಮಾಲೆಗಳನ್ನೂ ಬಲ್ಲವನಿಗೆ ಅದು ಧ್ವನಿತವಾಗುತ್ತದೆ. ಉಡುಪಿನ ಬೆಲೆಗೂ ಮನುಷ್ಯನ ಬೆಲೆಗೂ ಸಂಬಂಧವಿಲ್ಲವೆಂಬುದೇ ಆ ಧ್ವನಿ.

ಪೆನ್ನನು ತಾನೇ ಬರೆದಿರುವ ಒಂದು ಸಂಗತಿಯು ಇಲ್ಲಿ ಉಪಯುಕ್ತವಾದುದು. ಪ್ಯಾರಿಸಿನವರು ಇದರಲ್ಲೇನೋ ಮೋಸವಿದೆಯೆಂದು ಶಂಕಿಸಿಯೇ ಬಂದರಂತೆ. ಲಂಡನಿನವರು ಇದು ತಮಗೆ ಸಲ್ಲತಕ್ಕ ಮರ್ಯಾದೆಯೆಂದು ಹೆಮ್ಮೆಯಿಂದ ನಿಂತರಂತೆ. ಅಮೆರಿಕದವರಲ್ಲಿ ಕೆಲವರಾದರೋ ಕೆಲಸದ ಬಟ್ಟೆಯಲ್ಲಿಯೇ ಬರಬೇಕೆಂದು ಹೇಳಿದ್ದರೂ ಕ್ಷೌರ ಮಾಡಿಸಿಕೊಂಡು, ಹಬ್ಬದ ಉಡುಪು ತೊಟ್ಟು ಬಂದರಂತೆ. ಈ ಮೂರನೆಯವರನ್ನು ನೋಡಿ ನಗುವುದು ಸುಲಭ. ಆದರೆ ಅವರು ಚಿತ್ರಕಾರನಿಗೆ ಹೇಳಿದ ಮಾತು ಗಂಭೀರವಾದುದು. ನಮ್ಮ ಸ್ವಭಾವವು ನಮ್ಮ ಕಸಬಿನಲ್ಲಿ ಮುಗಿಯಿತೆಂದು ನಿಶ್ಚಯಿಸಲು ನೀನು ಯಾರು ಎಂಬ ಪ್ರಶ್ನೆ ಅದರಲ್ಲಿ ಅಡಗಿದೆ.

೬

ಈ ಪ್ರಶ್ನೆಯಿಂದಲೇ ಮುಖ್ಯವಾದ ಪೂರ್ವಪಕ್ಷವು ಹೊರಡುತ್ತದೆ. ರಸಾನುಭವದಲ್ಲಿ ದೇಶಕಾಲಗಳ ಸಂಸ್ಪರ್ಶವಿಲ್ಲವೆಂದೂ, ವಿಭಾವಾದಿಗಳು ಸಾಧಾರಣೀಕೃತವಾಗುವುವೆಂದೂ ಭಟ್ಟನಾಯಕ, ಅಭಿನವಗುಪ್ತರು ಪ್ರತಿಪಾದಿಸಿದ್ದಾರೆ. ಪೆನ್ನನ ಬೂದು ಪರದೆಯು ಮಾಡುವ ಕಾರ್ಯವೂ ಇದೇ. ದೇಶವನ್ನೂ ಕಾಲವನ್ನೂ ಅಳಿಸಿ ಆಕೃತಿಯನ್ನು ಆಸ್ವಾದಯೋಗ್ಯವನ್ನಾಗಿ ಮಾಡುವುದು ಸಾಧಾರಣೀಕರಣವಲ್ಲದೆ ಬೇರೇನು? ಆದರೆ ನಾಟಕದಲ್ಲಿ ಸಾಧಾರಣೀಕೃತನಾಗುವವನು ರಾಮನಾಗಲಿ ದುಷ್ಯಂತನಾಗಲಿ. ಅದರಿಂದ ಅವನಿಗೆ ನಷ್ಟವಿಲ್ಲ. ಛಾಯಾಚಿತ್ರದಲ್ಲಿ ನಿಂತವನು ಜೀವಂತನಾದ ಮನುಷ್ಯ. ಅವನಿಗೆ ಬಾಡಿಗೆ ಕೊಡಬೇಕಾದ ಮನೆಯಿದೆ, ಸಂಜೆಗೆ ಮರಳಬೇಕಾದ ಬೀದಿಯಿದೆ. ಅವನ ದೇಶಕಾಲಗಳನ್ನು ಅಳಿಸಿದರೆ ಅವನ ಕಷ್ಟವನ್ನೂ ಅಳಿಸಿದಂತಾಗುವುದಿಲ್ಲವೆ? ಬಡತನವು ಚೆಲುವಾಗಿ ಕಂಡರೆ ನೋಡುವವನ ಮನಸ್ಸು ನೆಮ್ಮದಿಯಾಗಿ ಮಲಗುವುದಿಲ್ಲವೆ?

ಈ ಆಕ್ಷೇಪವನ್ನು ಲಘುವೆಂದು ತಳ್ಳಿಹಾಕುವಂತಿಲ್ಲ. ಚಿತ್ರಗಳ ಹೆಸರುಗಳು ಇದಕ್ಕೆ ಬಲವನ್ನೂ ಕೊಡುತ್ತವೆ. ವೇಷಚಿತ್ರಗಳಲ್ಲಿ ಉಡುಪು ಹೊಲಿದ ಮನೆತನದ ಹೆಸರಿದೆ. ಎಷ್ಟೋ ವೇಳೆ ಧರಿಸಿದವಳ ಹೆಸರೂ ಇದೆ. ಮೂಲೆಯ ಭಾವಚಿತ್ರಗಳಲ್ಲಿ, ಕಿವಿಗೆ ಕೈಯಾನಿಸಿ ಕುಳಿತ ಸಂಗೀತಕಾರ ಸ್ಟ್ರಾವಿನ್‌ಸ್ಕಿಯಿಂದ ಮೊದಲುಗೊಂಡು, ಎಲ್ಲರೂ ಹೆಸರುಳ್ಳವರೇ. ಕಸಬುದಾರನಿಗೆ ಮಾತ್ರ ‘ಮೀನು ಮಾರುವವನು, ಲಂಡನ್, ೧೯೫೦’ ಎಂಬಷ್ಟೇ ಗುರುತು. ಚಿತ್ರವು ವಿಶಿಷ್ಟವನ್ನು ತೋರಿಸುತ್ತಿರುವಾಗ ಹೆಸರು ಸಾಮಾನ್ಯಕ್ಕೆ ಎಳೆಯುತ್ತದೆ. ನಮ್ಮ ಹನ್ನೆರಡನೆಯ ಶತಮಾನದ ಶರಣರ ಪರಂಪರೆಯಲ್ಲಿ ಕಸಬು ಹೆಸರನ್ನು ನುಂಗಲಿಲ್ಲ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಆಯ್ದಕ್ಕಿ ಲಕ್ಕಮ್ಮ ಎಂಬಲ್ಲಿ ಕಾಯಕವೂ ವ್ಯಕ್ತಿಯೂ ಒಂದೇ ಉಸಿರಿನಲ್ಲಿ ನಿಂತಿದ್ದಾರೆ. ಆ ಬಗೆಯ ಪೂರ್ಣತೆಯು ಪೆನ್ನನ ಶೀರ್ಷಿಕೆಗಳಲ್ಲಿ ಇಲ್ಲ.

ಆದರೂ ಚಿತ್ರಗಳ ಒಳಗೆ ಸಮಾಧಾನವುಂಟು. ಪೆನ್ನನು ಕಸಬುದಾರರಿಂದ ಕಣ್ಣೀರನ್ನಾಗಲಿ ನಗುವನ್ನಾಗಲಿ ಬೇಡಲಿಲ್ಲ. ಕರುಣವನ್ನು ಉದ್ದೀಪಿಸುವ ಹರಕು ಗೋಡೆಯನ್ನು ಹಿಂದೆ ಇಡಲಿಲ್ಲ. ಹಾಗೆ ಇಟ್ಟಿದ್ದರೆ ಅವರು ನಮ್ಮ ದಯೆಗೆ ಪಾತ್ರರಾಗುತ್ತಿದ್ದರು. ಈಗ ನಮ್ಮ ಸಮಾನರಾಗಿ ನಿಂತು ನಮ್ಮನ್ನೇ ಪರೀಕ್ಷಿಸುತ್ತಿದ್ದಾರೆ. ಬಕೆಟ್ಟು ಹಿಡಿದ ಆ ಇಬ್ಬರು ಹೆಂಗಸರ ನಿಲುವಿನಲ್ಲಿ ಒಡತಿಯರ ಗಾಂಭೀರ್ಯವಿದೆ. ದಯೆಗಿಂತ ಗೌರವವು ದುರ್ಲಭ. ಅದನ್ನು ಕೊಟ್ಟುದಕ್ಕಾಗಿ ಕಷ್ಟವನ್ನು ತೋರಿಸದ ದೋಷವನ್ನು ಅರ್ಧವಾದರೂ ಕ್ಷಮಿಸಬಹುದು.

೭

ಈ ಸಮಾಧಾನವು ಎಲ್ಲೆಡೆಗೂ ಸಲ್ಲುವುದಿಲ್ಲ. ಕುಸ್ಕೋ ಚಿತ್ರಗಳಿಗೆ ಸಲ್ಲುತ್ತದೆ. ಅಲ್ಲಿನ ಸ್ಥಳೀಯ ಛಾಯಾಚಿತ್ರಕಾರನ ಸ್ಟುಡಿಯೋವನ್ನು ಕ್ರಿಸ್ಮಸ್ ಹಬ್ಬದ ಹೊತ್ತಿನಲ್ಲಿ ಬಾಡಿಗೆಗೆ ಹಿಡಿದು, ಚಿತ್ರ ತೆಗೆಸಿಕೊಳ್ಳುವುದಕ್ಕೆಂದೇ ಬಂದ ಜನರನ್ನು, ಅವರಿಂದ ಹಣ ಪಡೆಯುವುದರ ಬದಲು ತಾನೇ ಹಣ ಕೊಟ್ಟು ನಿಲ್ಲಿಸಿದನು. ಅವರಿಗೆ ಸ್ಟುಡಿಯೋ ಹೊಸದಲ್ಲ. ಚಿತ್ರಕ್ಕೆ ನಿಲ್ಲುವುದು ಅವರದೇ ಇಚ್ಛೆ. ಬಟ್ಟೆ ಹೊದಿಸಿದ ಪೀಠಕ್ಕೆ ಒರಗಿ, ಕೈಗೆ ಕೈ ಹಿಡಿದು, ಬರಿಗಾಲಿನಲ್ಲಿ ನಿಂತಿರುವ ಆ ಇಬ್ಬರು ಮಕ್ಕಳು ಬಾಲ್ಯದ ಮೃದುತ್ವವನ್ನೂ ಹಿರಿಯರ ದಣಿವನ್ನೂ ಒಟ್ಟಿಗೆ ಧರಿಸಿದ್ದಾರೆ. ಹಿನ್ನೆಲೆಯಲ್ಲಿಲ್ಲದ ಬೆಟ್ಟದ ಚಳಿಯು ಅವರ ಒರಟು ಉಣ್ಣೆಯ ಬಟ್ಟೆಯಲ್ಲಿಯೂ ಪಾದಗಳಲ್ಲಿಯೂ ಕಾಣುತ್ತದೆ. ಅಳಿಸಲ್ಪಟ್ಟ ದೇಶವು ಶರೀರದಲ್ಲಿಯೇ ಉಳಿದುಕೊಂಡಿದೆ. ಸ್ವಭಾವೋಕ್ತಿಯ ಪರಾಕಾಷ್ಠೆಯೆಂದು ನಾನು ಈ ಚಿತ್ರವನ್ನು ಎಣಿಸುತ್ತೇನೆ.

ದಹೋಮೆ ಮತ್ತು ನ್ಯೂಗಿನಿಯ ಚಿತ್ರಗಳ ಮಾತು ಬೇರೆ. ೧೯೬೭ರಲ್ಲಿ ದಹೋಮೆಗೂ ೧೯೭೦ರಲ್ಲಿ ನ್ಯೂಗಿನಿಗೂ ಪೆನ್ನನು ಹೋದನು. ಮಡಿಚಿ ಒಯ್ಯಬಹುದಾದ ಡೇರೆಯೇ ಆತನ ಸ್ಟುಡಿಯೋ. ಇಲ್ಲಿ ನಿಂತವರು ಮೈಗೆ ಬಳಿದುಕೊಂಡ ಬಣ್ಣ, ತಲೆಗೆ ಸಿಕ್ಕಿಸಿದ ಗರಿ, ಮುಖಕ್ಕೆ ಮುಚ್ಚಿದ ಮಣ್ಣಿನ ಮುಸುಕು ಇವೆಲ್ಲಕ್ಕೂ ಆ ನೆಲದಲ್ಲಿ ಒಂದೊಂದು ವಿನಿಯೋಗವಿದೆ. ಇಂತಹ ದಿನ, ಇಂತಹ ಕರ್ಮ ಎಂಬ ನಿಯಮವಿದೆ. ಲಂಡನಿನ ಮೀನುಗಾರನ ಕೈಯ ಮೀನು ಏತಕ್ಕೆಂದು ಎಲ್ಲರೂ ಬಲ್ಲರು. ಈ ಗರಿ ಏತಕ್ಕೆಂದು ಪತ್ರಿಕೆಯ ವಾಚಕನು ಅರಿಯನು. ಹಿನ್ನೆಲೆಯನ್ನು ಕಳೆದೊಡನೆಯೇ ಅದರ ಅರ್ಥವೂ ಕಳೆದುಹೋಗಿ, ವಿಚಿತ್ರವಾದ ಉಡುಪೆಂಬ ಭಾವನೆ ಮಾತ್ರ ನಿಲ್ಲುತ್ತದೆ. ಕಟಿಸೂತ್ರವನ್ನು ಕಂಠದಲ್ಲಿಯೂ ಹಾರವನ್ನು ನಡುವಿನಲ್ಲಿಯೂ ಧರಿಸಿದರೆ ಹಾಸ್ಯಾಸ್ಪದವಾಗುವುದೆಂದು ಕ್ಷೇಮೇಂದ್ರನು ಔಚಿತ್ಯವನ್ನು ವಿವರಿಸುವಾಗ ಹೇಳಿದ್ದಾನೆ. ಇಲ್ಲಿ ಸ್ಥಾನ ತಪ್ಪಿರುವುದು ಒಡವೆಯಲ್ಲ, ಧರಿಸಿದ ಮನುಷ್ಯನೇ. ಪ್ಯಾರಿಸಿನ ಉಡುಪನ್ನು ನೋಡಿದ ಕಣ್ಣೇ ಇವರನ್ನೂ ನೋಡಿರುವುದರಿಂದ, ವಕ್ರೋಕ್ತಿಯು ಸ್ವಭಾವೋಕ್ತಿಯ ವೇಷವನ್ನು ಹಾಕಿಕೊಂಡು ಬಂದಿದೆ. ರೇಖೆ ನಿರ್ದುಷ್ಟ, ವರ್ತನೆ ಮನೋಹರ. ಆದರೂ ವಿಶಿಷ್ಟವು ಜಾರಿಹೋಗಿ ‘ಜಾತಿ’ ಮಾತ್ರ ಉಳಿದಿದೆ. ಈ ಚಿತ್ರಗಳನ್ನು ಪರದೇಶೀಯರನ್ನು ಕೌತುಕದ ವಸ್ತುಗಳನ್ನಾಗಿಸುವುವೆಂದು ದೂಷಿಸಿದ ವಿಮರ್ಶಕರ ಮಾತು ಈ ಮಟ್ಟಿಗೆ ಒಪ್ಪತಕ್ಕದ್ದೇ.

ಇದೇ ಶೈಲಿಯ ಇನ್ನೊಂದು ತುದಿಯನ್ನೂ ಸೂಚಿಸಬೇಕು. ೧೯೭೨ರಲ್ಲಿ ಪೆನ್ನನು ಬೀದಿಯಲ್ಲಿ ಬಿದ್ದಿದ್ದ ಸಿಗರೇಟಿನ ತುಂಡುಗಳನ್ನು ಆಯ್ದು ತಂದು, ಭಾವಚಿತ್ರಗಳಂತೆ ದೊಡ್ಡದಾಗಿ ಚಿತ್ರಿಸಿದನು. ೧೯೭೫ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಅವನ್ನು ಪ್ರದರ್ಶಿಸಿತು. ಪ್ಲಾಟಿನಮ್ ಲವಣವನ್ನು ಕಾಗದಕ್ಕೆ ಕೈಯಿಂದಲೇ ಬಳಿದು, ಕಾಗದವನ್ನು ಅಲ್ಯೂಮಿನಿಯಮ್ ತಗಡಿಗೆ ಅಂಟಿಸಿ, ಮತ್ತೆ ಮತ್ತೆ ಲೇಪಿಸಿ ಬೆಳಕಿಗೊಡ್ಡುವ ಶ್ರಮಸಾಧ್ಯವಾದ ವಿಧಾನದಿಂದ ಅವು ಮುದ್ರಿತವಾದುವು. ‘ಸಣ್ಣ ಕಸಬುಗಳು’ ಮಾಲೆಯ ಚಿತ್ರಗಳನ್ನೂ ಆತನು ಕಾಲಾಂತರದಲ್ಲಿ ಇದೇ ವಿಧಾನದಿಂದ ಮರಳಿ ಮುದ್ರಿಸಿದನು. ಕಸಕ್ಕೂ ಕಸಬುದಾರನಿಗೂ ರಾಜೋಪಚಾರವು ಒಂದೇ ಆಯಿತೆಂದು ಕೆಲವರಿಗೆ ಕಸಿವಿಸಿಯಾಗಬಹುದು. ಬೀಭತ್ಸಕ್ಕೆ ಯೋಗ್ಯವಾದ ವಸ್ತುವಿನಲ್ಲಿ ಅದ್ಭುತವನ್ನು ಕಾಣಿಸಿದುದು ಶಕ್ತಿಯೇ ಸರಿ. ಆದರೆ ವಸ್ತುವು ಯಾವುದಾದರೂ ಸರಿಯೆಂದು ಶೈಲಿಯು ಭಾವಿಸುವ ಹೊತ್ತಿಗೆ ಅದು ಅಪಾಯದ ಅಂಚಿಗೆ ಬಂದಿರುತ್ತದೆಂಬುದನ್ನೂ ಮರೆಯಬಾರದು.

೮

ಇಷ್ಟರಿಂದ ಫಲಿಸಿದ ನಿರ್ಣಯವಿದು. ಪೆನ್ನನಿಗೆ ವೇಷಕ್ಕೊಂದು ಶೈಲಿ, ನಿತ್ಯಜೀವನಕ್ಕೊಂದು ಶೈಲಿ ಎಂದು ಎರಡಿಲ್ಲ. ಕಳೆಯುವುದೊಂದೇ ಆತನ ಶೈಲಿ. ಅದನ್ನು ಉಡುಪಿಗೆ ಪ್ರಯೋಗಿಸಿದಾಗ ವಕ್ರೋಕ್ತಿಯೂ, ಕಸಬುದಾರನಿಗೆ ಪ್ರಯೋಗಿಸಿದಾಗ ಸ್ವಭಾವೋಕ್ತಿಯೂ ಸಿದ್ಧಿಸುತ್ತದೆ. ಕಳೆದಮೇಲೆ ಉಳಿಯತಕ್ಕದ್ದು ನಿಂತವನ ಮೈಯಲ್ಲಿಯೂ ಕೈಯಲ್ಲಿಯೂ ಇದ್ದರೆ ಚಿತ್ರವು ಗೆಲ್ಲುತ್ತದೆ. ಕಳೆದುದರ ಜೊತೆಯಲ್ಲಿಯೇ ಅದು ಹೊರಟುಹೋದರೆ ಚಿತ್ರವು ಚೆಲುವಾಗಿಯೇ ಸೋಲುತ್ತದೆ. ಕುಸ್ಕೋ ಮತ್ತು ಲಂಡನಿನ ಚಿತ್ರಗಳು ಮೊದಲನೆಯದಕ್ಕೂ, ನ್ಯೂಗಿನಿಯವು ಎರಡನೆಯದಕ್ಕೂ ಉದಾಹರಣೆಗಳು.

ನಮ್ಮ ಶಾಲಾ ಕಾಲೇಜುಗಳಲ್ಲಿ ಸ್ವಭಾವೋಕ್ತಿಯ ಲಕ್ಷಣವನ್ನು ಪಾಠ ಹೇಳುವಾಗ, ಮೇಯುವ ಕರುವನ್ನೋ ಓಡುವ ಜಿಂಕೆಯನ್ನೋ ವರ್ಣಿಸುವ ಪದ್ಯವನ್ನು ಓದಿಸಿ, ಇದ್ದುದನ್ನು ಇದ್ದಂತೆ ಹೇಳುವುದೇ ಸ್ವಭಾವೋಕ್ತಿಯೆಂದು ಮುಗಿಸಿಬಿಡುವುದುಂಟು. ಹಾಗೆ ಕಲಿತ ವಿದ್ಯಾರ್ಥಿಯು ಅಲಂಕಾರಗಳಲ್ಲೆಲ್ಲ ಅತ್ಯಂತ ಸುಲಭವಾದುದು ಇದೇ ಎಂದು ತಿಳಿಯುತ್ತಾನೆ. ವಸ್ತುತಃ ಅದು ಅತ್ಯಂತ ಕಠಿನವಾದುದು. ಇದ್ದುದರಲ್ಲಿ ಯಾವುದು ಇರತಕ್ಕದ್ದು, ಯಾವುದು ಹೋಗತಕ್ಕದ್ದು ಎಂಬ ವಿವೇಕವೂ, ಎದುರಿಗಿರುವವನು ನನ್ನ ಉಕ್ತಿಗೆ ಬರಿಯ ಸಾಮಗ್ರಿಯಲ್ಲವೆಂಬ ವಿನಯವೂ ಅದಕ್ಕೆ ಬೇಕು. ಮೀನು ಹಿಡಿದು ನಿಂತ ಲಂಡನಿನ ಆ ಅನಾಮಿಕನ ಚಿತ್ರವನ್ನು ತರಗತಿಯಲ್ಲಿ ಒಮ್ಮೆ ತೋರಿಸಿ, ಇವನ ಹೆಸರನ್ನೂ ಹೇಳಿದ್ದರೆ ಈ ಚಿತ್ರಕ್ಕೆ ಏನು ಕೂಡುತ್ತಿತ್ತು ಎಂದು ವಿದ್ಯಾರ್ಥಿಗಳನ್ನು ಕೇಳಿದರೆ, ದಂಡಿಯಿಂದ ಮಹಿಮಭಟ್ಟನವರೆಗಿನ ವಾದವು ಅವರಿಗೆ ತಾನಾಗಿಯೇ ಜೀವಂತವಾಗುವುದೆಂದು ಅಧ್ಯಾಪಕ ಮಹಾಶಯರಲ್ಲಿ ವಿಜ್ಞಾಪಿಸಿ ಈ ವಿಚಾರವನ್ನು ಮುಗಿಸುತ್ತೇನೆ.